ಇಪ್ಪತ್ತೇಳನೇ ಪುಟದ ನಗು

ಕೊಲಂಬಿಯಾದ ಪೆರೇರಾ ನಗರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸ್ಟುಡಿಯೊದ ಪುಟ್ಟ ಕೋಣೆಯಲ್ಲಿ ನಿಡಿಯಾ (ಅವಳ ಬಗ್ಗೆ ಬರೆಯಲು ಬಂದ ನಾನಿಟ್ಟ ಹೆಸರಿದು) ತುಟಿಗೆ ಬಣ್ಣ ಹಚ್ಚಿಕೊಂಡು ಕ್ಯಾಮೆರಾ ಮುಂದೆ ನಗುತ್ತಿದ್ದಾಳೆ. "ಇಷ್ಟು ತಡವಾಗಿ ಬರೋದಾ ರಾಜ?" ಎಂದು ಮುನಿಸು ತೋರಿಸುತ್ತಾಳೆ. ಪರದೆಯಾಚೆ ಒಬ್ಬನೂ ಇಲ್ಲ. ಸುಮ್ಮನೆ ಕೂತವಳನ್ನು ಕಂಡರೆ ಇಣುಕಿದವನು ಹಾಗೇ ಮುಂದೆ ಹೋಗುತ್ತಾನೆ, ಅದಕ್ಕೇ ಖಾಲಿ ಕೋಣೆಯಲ್ಲೂ ಮಾತಾಡುತ್ತಲೇ ಇರಬೇಕು.

ಸುತ್ತಿ ಬಳಸಿ ಹೇಳುವುದೇಕೆ, ವಯಸ್ಕರ ಜಾಲತಾಣದಲ್ಲಿ ಮೈ ತೋರಿಸುವುದು ಅವಳ ಕೆಲಸ. ಜನ ಹೆಚ್ಚಿದ್ದವಳನ್ನು ತಾಣ ಮೊದಲ ಪುಟಕ್ಕೆ ಏರಿಸುತ್ತದೆ, ಅಲ್ಲಿದ್ದವಳಿಗೇ ಮತ್ತೆ ಜನ ಬರುತ್ತಾರೆ. ಉಂಡವರಿಗೇ ಮತ್ತೆ ಬಡಿಸುವ ಪಂಕ್ತಿ ಇದು. ನಿಡಿಯಾ ಇರುವುದು ಇಪ್ಪತ್ತೇಳನೇ ಪುಟದಲ್ಲಿ. ಮೊದಲ ಪುಟದಲ್ಲಿರುವ ಯುಲಿಯೆತ್ ಪಕ್ಕದ ಕೋಣೆಯಲ್ಲೇ ಇದ್ದಾಳೆ. ಅವಳ ಒಂದು ಬೆಳಗಿನ ಗಳಿಕೆ ನಿಡಿಯಾಗೆ ತಿಂಗಳಿಡೀ ನಕ್ಕರೂ ಸಿಗದು.

"ಹೊಟ್ಟೆಕಿಚ್ಚಿಲ್ಲಪ್ಪ, ದಿನಾ ಕಾಫಿ ಕೊಡಿಸೋಳು ಅವಳೇ. ಆದ್ರೆ ಅವಳು ಆಕಳಿಸಿದ್ರೂ ದುಡ್ಡು ಬೀಳುತ್ತೆ, ನಾನು ಕುಣಿದ್ರೂ ಇಲ್ಲ."

ಇದಕ್ಕೆ ಕಾರಣ ಅವಳದೇ ಒಂದು ತಪ್ಪು. ಯಾವ ದೇಶದವರಿಗೆ ಕಾಣಬಾರದು ಎಂದು ಸೇರಿದ ದಿನವೇ ತಾಣ ಕೇಳುತ್ತದೆ. ನೆರೆಹೊರೆಯವರ ಭಯಕ್ಕೆ ಎಲ್ಲರೂ ಕೊಲಂಬಿಯಾ ಒಂದನ್ನು ಮುಚ್ಚುತ್ತಾರೆ. ನಿಡಿಯಾ ಇಡೀ ಯೂರೋಪನ್ನೇ ಮುಚ್ಚಿಬಿಟ್ಟಳು. ತಾಯಿ ಸತ್ತ ಮೇಲೆ ಬೀದಿಯಲ್ಲಿ ಜೋಳದ ರೊಟ್ಟಿ ಮಾರಿ ಅವಳು ಸಾಕಿದ ತಮ್ಮ ಆಲ್ಬೇರೊ ಸ್ಪೇನಿನಲ್ಲಿ ಕಿತ್ತಳೆ ಕೀಳುತ್ತಾನೆ. ಅಕ್ಕ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ ಎಂದು ನಂಬಿದ್ದಾನೆ. ಇಲ್ಲಿ ಮುಂಜಾವಾದಾಗ ಅಲ್ಲಿ ಮಧ್ಯಾಹ್ನ. ಈ ಪಾಳಿಗೆ ಬರುವ ಗಿರಾಕಿಗಳೆಲ್ಲ ಅಲ್ಲಿಯವರೇ. ಹೊಸಬರನ್ನು ತಾಣ ಮುಂದೆ ನಿಲ್ಲಿಸುವ ಮೊದಲ ವಾರಗಳು ಹೀಗೆ ದಂಡವಾದವು.

ನಿನ್ನೆ ಮೇಲ್ವಿಚಾರಕ ಫೆರ್ನೇ ಖಡಾಖಂಡಿತವಾಗಿ ಹೇಳಿದ: "ಅಕ್ಕಾ, ಅಂಗಡಿ ಇಟ್ಕೊಂಡು ಶಟರ್ ಎಳ್ಕೊಂಡು ಕೂತ್ರೆ ಹೆಂಗೆ? ನಾಳೆ ತೆಗೀದಿದ್ರೆ ಕೋಣೆ ಬೇರೆಯವಳಿಗೆ."

ಈ ಕೋಣೆ ಹೋದರೆ ಮತ್ತೆ ಬೀದಿಯೇ ಗತಿ. ಇವತ್ತು ನನ್ನೆದುರೇ, ಶಿಲುಬೆಯ ಗುರುತು ಮಾಡಿಕೊಂಡು, ನಿಡಿಯಾ ಯೂರೋಪನ್ನು ತೆರೆಯುತ್ತಾಳೆ. ಸ್ವಲ್ಪ ಹೊತ್ತಿಗೇ ಜನ ಬರತೊಡಗುತ್ತಾರೆ, ಹೆಚ್ಚಿನವರು ಹೆಸರಿಲ್ಲದೆ. ಯುಲಿಯೆತ್ ಗೋಡೆ ಬಡಿದು ಕೂಗುತ್ತಾಳೆ: "ಏನಕ್ಕಾ, ಸಂತೆ ಇವತ್ತು ನಿನ್ನಲ್ಲೇ!" ನಿಡಿಯಾಳ ನಗು ಮಾತ್ರ ಬಿಗಿಯುತ್ತಿದೆ. ಪ್ರತಿ ಹೊಸಬ ಬಂದಾಗಲೂ ಅವಳ ಕಣ್ಣು ಬೆಚ್ಚುವುದನ್ನು ನೋಡಲಾಗದೆ ನಾನು ಮುಖ ತಿರುಗಿಸುತ್ತೇನೆ.

ಬಿಡುವಿನಲ್ಲಿ ಮೈಕ್ ಆರಿಸಿ ನನಗೆ ಹೇಳುತ್ತಾಳೆ: "ನನ್ ತಮ್ಮ ಇಂಥದ್ದೆಲ್ಲ ನೋಡೋನಲ್ಲ. ನೋಡೋನೇ ಆದ್ರೆ ಯುಲಿಯೆತ್‌ನ ನೋಡ್ಕೊಂಡು ಹೋಗ್ಲಿ, ಮೊದಲ ಪುಟದಲ್ಲೇ ಇದ್ದಾಳಲ್ಲ. ನಾನಿರೋ ಕಡೆಗಂತೂ ಬರದೇ ಇರ್ಲಿ, ದೇವರೇ."