ಕೀಲಿ ಜಗ್ಗಿ ನೋಡೋ ಚಟ

ದೋಸ್ತರೇ, ಮನಿಗೆ ಕೀಲಿ ಹಾಕಿದ ಮ್ಯಾಲ ಅದನ್ನ ಜಗ್ಗಿ ಜಗ್ಗಿ ನೋಡೋದು ನನ್ನ ಹಳೇ ಚಟ. ಕಳ್ಳರ ಅಂಜಿಕಿ ನನಗ ಭಾಳ. ಇವತ್ತ ಹೆಂಡತಿ ಜೋಡಿ ಘತ್ತರಗಿ ದೇವಿ ಗುಡಿಗೆ ಹೊಂಟಿದ್ದೆ. ಆಕಿ ಮುಂದ ಹೋಗ್ಯಾಳ ಅಂತ ತಿಳಕೊಂಡು ಕೀಲಿ ಹಾಕಿ, ಮನಸ್ಸು ತುಂಬೂತನಕ ಜಗ್ಗಿ, ಖುಷಿಲೆ ಆಳಂದ ಬಸ್ ಸ್ಟ್ಯಾಂಡಿಗೆ ಬಂದೆ. ಆಕಿ ಅಲ್ಲಿ ಇರಲಿಲ್ಲ. ಅಷ್ಟರಾಗ ಆಕಿ ಫೋನ್ ಬಂತು.

"ಎಲ್ಲಿದ್ದಿ? ಬಸ್ ಬಿಡೋ ಹೊತ್ತಾತು!" ಅಂದೆ.

"ಮನ್ಯಾಗ ಇದ್ದೇನ್ರಿ. ಕಾಯಿ ತರಾಕ ಒಳಗ ಹೋಗಿದ್ದೆ. ಕೀಲಿ ಭಾಳ ಗಟ್ಟಿ ಐತಿ, ಚಿಂತಿ ಮಾಡಬ್ಯಾಡ್ರಿ."

ಓಡಿ ಬಂದೆ. ಬಾಜೂ ಮನಿ ರಶೀದಾ ಆಪಾ ಕಿಡಕ್ಯಾಗಿಂದ ಆಕಿಗೆ ಚಾ ಕೊಡಾಕತ್ತಿದ್ರು.

"ಬರ್ರಿ ಭಾಯಿ, ಕಳ್ಳರ್ಯಾರೂ ಒಳಗ ಹೋಗಿಲ್ಲ. ಹೆಂಡ್ತಿನೂ ಹೊರಗ ಬಂದಿಲ್ಲ," ಅಂದ್ರು.

ಬಾಗಿಲಾ ತೆಗದ ಕೂಡಲೇ ಹೆಂಡತಿ ಚಾವಿ ಕಸಗೊಂಡು ಸೆರಗಿಗೆ ಕಟ್ಟಿಕೊಂಡ್ಲು. "ಇನ್ನ ಮ್ಯಾಲ ಅಂಜಿಕಿ ನಿಮ್ದು, ಚಾವಿ ನಂದು."

ಈಗ ಬಸ್ಸಿನಾಗ ಇದ್ದೇವಿ. ಆಕಿ ಆರಾಮಾಗಿ ನಿದ್ದಿ ಹೊಡಿಯಾಕತ್ತಾಳ. ಗ್ಯಾಸ್ ಬಂದ್ ಮಾಡೀಯೇನು ಅಂತ ಎಬ್ಬಿಸಿ ಕೇಳಬೇಕು ಅನ್ನಸಾಕತ್ತದ. ಆದ್ರ ಕಳ್ಳರಿಗಿಂತ ಆಕಿ ಅಂಜಿಕಿನೇ ನನಗ ಜಾಸ್ತಿ.