ಸಂಗಪ್ಪನ ರೇಸೂ ನನ್ನ ಡಬ್ಬಿಯೂ

ಇವತ್ತು ಮುಂಜಾನೆ ಗುಜರಿಯವನು ಬಾಗಿಲಿಗೆ ಬಂದಾಗ ನನ್ನಾಕೆ ಅಟ್ಟದಿಂದ ಒಂದು ಹಳೇ ಎಣ್ಣೆ ಡಬ್ಬಿ ಇಳಿಸಿ ಅವನ ಮುಂದಿಟ್ಟಳು. ಅದರ ಒಂದು ಮಗ್ಗುಲು ಪೂರಾ ನೆಗ್ಗಿತ್ತು. ನಾನು ಓಡಿಹೋಗಿ ಕಸಿದುಕೊಂಡೆ.

"ಬಂಗಾರದ್ದೇನ್ರೀ ಅದು?" ಎಂದಳು.

ಬಂಗಾರದ್ದಲ್ಲ. ಕೂಡ್ರಿ, ನಿಮಗಾದರೂ ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನು ಆಗ ಜಮಖಂಡಿಯಲ್ಲಿ ಕಾರಕೂನ. ಗೆಳೆಯ ಸಂಗಪ್ಪ ರಬಕವಿಯ ನೇಕಾರ. ಸೈಕಲ್ಲಿಗೆ ಸೀರೆ ಗಂಟು ಬಿಗಿದು ಮುಧೋಳದ ದಾರಿ ಹಿಡಿದನೆಂದರೆ ಬಸ್ಸಿನವರಿಗೂ ದಾದು ಮಾಡುತ್ತಿರಲಿಲ್ಲ, ಹಾರ್ನ್ ಹೊಡೆದರೂ ದಾರಿ ಬಿಡುತ್ತಿರಲಿಲ್ಲ. ನಮ್ಮ ಕಡೆ ಮಂದಿಗೆ ಸೈಕಲ್ಲಿನ ಹುಚ್ಚು ಬಹಳ. ನನಗೂ ಇತ್ತು, ಹೊಡೆಯುವ ಹುಚ್ಚಲ್ಲ, ಹೊಡೆಯುವವರಿಗೆ ಬುದ್ಧಿ ಹೇಳುವ ಹುಚ್ಚು.

ಸಂಗಪ್ಪ ಹಿಡಿದದ್ದು ಬೆನ್ನಟ್ಟುವ ರೇಸು. ದುಂಡನೆಯ ಹಾದಿಯಲ್ಲಿ ಇಬ್ಬರೇ ಸವಾರರು, ಒಬ್ಬ ಈ ಮಗ್ಗುಲು, ಇನ್ನೊಬ್ಬ ಎದುರು ಮಗ್ಗುಲು. ಒಂದೇ ಸಿಳ್ಳೆಗೆ ಇಬ್ಬರೂ ಬಿಡಬೇಕು. ಒಬ್ಬ ಇನ್ನೊಬ್ಬನನ್ನು ಹಿಡಿದರೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಗೊತ್ತುಮಾಡಿದ ಸುತ್ತು ಮೊದಲು ಮುಗಿಸಿದವನು ಗೆದ್ದ. ಇದನ್ನು ಮೊದಲ ಸಲ ನೋಡಿದ ಸಂಗಪ್ಪನ ತಾಯಿ, "ಯಾರು ಯಾರನ್ನ ಬೆನ್ನ ಹತ್ಯಾರೋ ಯಪ್ಪಾ? ಇಬ್ಬರೂ ಅಂಜಿ ಓಡಾಕತ್ತಂಗ ಕಾಣತೈತಿ" ಅಂದಿದ್ದಳು. ಖರೆ ಮಾತು.

ಈ ರೇಸಿಗೆ ಬೇಕಾದದ್ದು ಮೊದಲಿಂದ ಕೊನೆಯತನಕ ಒಂದೇ ಹದ. ನಡುವೆ ಜೋರು ಮಾಡಿದವನ ಕಾಲು ಕೊನೆಗೆ ಸೋಲುತ್ತವೆ. ಮಗ್ಗ ತುಳಿಯುವಾಗ ಸಂಗಪ್ಪನ ಕಾಲು ಒಂದಿಷ್ಟೂ ಹದ ತಪ್ಪುತ್ತಿರಲಿಲ್ಲ. ಅದೇ ಮಗ್ಗದ ಸಪ್ಪಳವನ್ನು ತುಸು ಚುರುಕು ಮಾಡಿ ನಾನು ಈ ಡಬ್ಬಿಯ ಮೇಲೆ ಬಡಿಯುತ್ತ ನಿಲ್ಲುವುದು, ಒಂದು ಬಡಿತಕ್ಕೆ ಅವನು ಪೆಡಲ್ ಒಂದು ಸುತ್ತು ತಿರುಗಿಸುವುದು ಎಂದು ಗೊತ್ತುಮಾಡಿಕೊಂಡೆವು. ಉಪಾಯ ನನ್ನದು ಎಂದು ಊರ ತುಂಬ ಹೇಳಿಕೊಂಡು ಬಂದೆ.

"ನಾ ಯಾರನ್ನೂ ನೋಡಂಗಿಲ್ಲ" ಎಂದ ಸಂಗಪ್ಪ. "ನೀ ಬಡಿ, ನಾ ತುಳಿತೇನಿ."

ಮುಧೋಳದ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಕೊನೆಯ ರೇಸು ನಡೆಸಿದರು. ಗೆದ್ದವನು ರಾಜ್ಯದ ತಂಡಕ್ಕೆ. ಎದುರಾಳಿ ಬಿಜಾಪುರದವನು, ಮೊದಲಿಗೇ ಬಿರುಸಿನಿಂದ ಬಿಟ್ಟು ಮುಂದಾಗಿದ್ದ. ಅರ್ಧ ರೇಸಿಗೆ ಅವನು ಬಾಯಿ ತೆರೆದು ಉಸಿರಾಡತೊಡಗಿದ್ದ. ನಾನು ಹದ ಹಿಡಿದು ಬಡಿದಿದ್ದರೆ ಸಾಕಿತ್ತು, ಅವನು ತಾನಾಗಿ ಸೋಲುತ್ತಿದ್ದ. ಆದರೆ ಸಂಗಪ್ಪ ಹಿಂದಿದ್ದಾನೆಂದು ನನ್ನ ಎದೆ ಹೊಡೆದುಕೊಳ್ಳತೊಡಗಿತು, ಎದೆಯ ಸಂಗಡ ಕೈಯೂ ಜೋರಾಯಿತು. ಸಂಗಪ್ಪನ ಕಾಲು ನನ್ನ ಕೈಯ ಹಿಂದೆ ಬಂದವು. ಒಂದು ಸುತ್ತಿನ ಮಟ್ಟಿಗೆ ತುಸು ಮುಂದಾದ, ಮಂದಿ ಸಿಳ್ಳೆ ಹೊಡೆದರು. ಕೊನೆಯ ಎರಡು ಸುತ್ತಿಗೆ ಕಾಲು ಏಳಲಿಲ್ಲ. ಒಂದು ಸೈಕಲ್ಲಿನ ಉದ್ದದಷ್ಟರಲ್ಲಿ ಸೋತ.

ಯಾಕೆ ಸೋತ ಎಂದು ಚಹಾದ ಅಂಗಡಿಯಲ್ಲಿ ಕೇಳಿದರು. "ಏನ ಮಾಡೂದ್ರೀ, ದಮ್ಮ ಸಾಲಲಿಲ್ಲ ಹುಡುಗಂದು" ಎಂದೆ. ಇಪ್ಪತ್ತು ವರ್ಷ ಅದನ್ನೇ ಹೇಳಿದೆ. ಸಂಗಪ್ಪ ಎದುರಿಗೆ ಕೂತಿದ್ದಾಗಲೂ ಹೇಳಿದೆ. ಅವನು ಸುಮ್ಮನೆ ಚಹಾ ಕುಡಿಯುತ್ತಿದ್ದ.

ಇವತ್ತು ಡಬ್ಬಿ ಬಗಲಲ್ಲಿಟ್ಟುಕೊಂಡು ರಬಕವಿಯ ಬಸ್ಸು ಹತ್ತಿದೆ. ಸಂಗಪ್ಪನ ಮನೆಯಲ್ಲಿ ಈಗ ಪವರ್‌ಲೂಮು, ಕಾಲಿಗೆ ಕೆಲಸವಿಲ್ಲ. ನನ್ನನ್ನು ಕಂಡು ಮಷೀನು ಬಂದ್ ಮಾಡಿದ.

"ಸಂಗಪ್ಪ, ಅವತ್ತ ನಿನ್ನ ದಮ್ಮ ಕಡಿಮಿ ಆಗಿದ್ದಿಲ್ಲೋ. ಬಡಿಯೂದು ನಾ ಜೋರ ಮಾಡಿದ್ನಿ."

"ಗೊತ್ತೈತಿ" ಎಂದ. "ಹದ ತಪ್ಪಿದ್ದು ಎರಡನೇ ಬಡತಕ್ಕ ತಿಳದಿತ್ತು."

"ಮತ್ತ ಯಾಕ ಹಂಗ ತುಳದಿಲೇ?"

"ನೀ ಬಡಿ, ನಾ ತುಳಿತೇನಿ ಅಂದಿದ್ನಲ್ಲೋ" ಎಂದು ಒಳಗೆ ನೋಡಿ ಚಹಾಕ್ಕೆ ಹೇಳಿದ.

ಚಹಾ ಕುಡಿದು ತಿರುಗಿ ಬಸ್ಸು ಹತ್ತಿದೆ. ಮನೆಗೆ ಬಂದು ಡಬ್ಬಿಯನ್ನು ಅಟ್ಟಕ್ಕೇರಿಸಲಿಲ್ಲ, ಚಪ್ಪಲಿಯ ಮಗ್ಗುಲಿಗೆ ಇಟ್ಟಿದ್ದೇನೆ. ನಾಳೆ ಅದೇ ಚಹಾದ ಅಂಗಡಿಗೆ ಅದನ್ನು ಹಿಡಿದುಕೊಂಡೇ ಹೋಗಬೇಕು.