ವೈನಿ ಅಳೆದ ಗಾಳಿ

ನಮ್ಮ ವೈನಿಯ ಬಲಗೈ ಹೆಬ್ಬೆರಳಿನ ಮೇಲೆ ಜೋಳದ ಕಾಳಿನಷ್ಟು ಸುಟ್ಟ ಕಲೆ ಇತ್ತು. ಅದು ರೊಟ್ಟಿಯ ಹಂಚು ತಾಗಿ ಆದದ್ದೆಂದು ಅವ್ವ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದಳು. ಅಲ್ಲ. ಪಾಲಿಟೆಕ್ನಿಕ್ಕಿನಲ್ಲಿ ತಂತಿಗೆ ಬೆಸುಗೆ ಹಾಕುವಾಗ ಆದದ್ದು. ವೈನಿ ಅವ್ವನ ಮಾತು ತಿದ್ದಲಿಲ್ಲ, ನನ್ನೊಬ್ಬನಿಗೆ ಹೇಳಿದ್ದರು.

ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಅಳತೆಯ ಉಪಕರಣಗಳ ಡಿಪ್ಲೊಮಾ ಮುಗಿಸಿ, ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಮನೆಗೆ ಸೊಸೆಯಾಗಿ ಬಂದವರು. ನಮ್ಮದು ರೈತರ ಹತ್ತಿ ಮಾರಿಸಿ ಕಮಿಷನ್ ಪಡೆಯುವ ಅಡತಿ ವ್ಯಾಪಾರ. ಪಡಸಾಲೆಯಲ್ಲಿ ಗಂಡಸರು ಕೂತಿದ್ದರೆ ಸೊಸೆ ಅದನ್ನು ದಾಟಬಾರದು ಎಂಬುದು ಮನೆಯ ಪದ್ಧತಿ. ಗಂಡಸರೋ, ಬೆಳಗಿನ ಚಹಾದಿಂದ ದೀಪ ಹಚ್ಚುವ ತನಕ ಅಲ್ಲೇ ಠಿಕಾಣಿ. ಬೀದಿಗೆ ಹೋಗಲು ಬೇರೆ ಬಾಗಿಲಿಲ್ಲ; ಹಿತ್ತಲಿಗೆ ಎತ್ತರದ ಗೋಡೆ. ಸುಡುಗಾಡು ಪದ್ಧತಿ! ಅಷ್ಟು ಓದಿದ ಹೆಣ್ಣುಮಗಳು ಮಿಕ್ಸರು, ಇಸ್ತ್ರಿಪೆಟ್ಟಿಗೆ ಬಿಚ್ಚಿ ಜೋಡಿಸುತ್ತ ದಿನ ಕಳೆದರು. "ಮೊದಲ ಅಳೀರಿ, ಆಮ್ಯಾಲೆ ಬೈರಿ" ಎಂಬುದು ಅವರ ಮಾತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಣ್ಣ ಕೂಗಾಡಿದರೂ ಅದೇ, ನನ್ನ ಗಾಡಿ ಕೈಕೊಟ್ಟಾಗಲೂ ಅದೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನೊಂದು ಹಳೆಯ ಟರ್ಬೊ ಡೀಸೆಲ್ ಕಾರು ಕೊಂಡೆ. ಟರ್ಬೊ ಎಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಚಕ್ರ. ಇನ್ನಷ್ಟು ಜೋರು ಬೇಕೆಂಬ ಹುಚ್ಚಿಗೆ ಹುಬ್ಬಳ್ಳಿಯಲ್ಲಿ ಗಾಳಿಗೆ ತಕ್ಕಂತೆ ಡೀಸೆಲ್ ಹೆಚ್ಚಿಸುವ ಒಂದು ಟ್ಯೂನಿಂಗ್ ಪೆಟ್ಟಿಗೆಯನ್ನೂ ಗಾಳಿಯ ಒತ್ತಡ ಅಳೆಯುವ ಸೆನ್ಸರನ್ನೂ ಹಾಕಿಸಿದೆ. ಎಷ್ಟು ಒತ್ತಡಕ್ಕೆ ಎಷ್ಟು ವೋಲ್ಟ್ ಎಂಬುದನ್ನು ಪೆಟ್ಟಿಗೆಗೆ ನಾನೇ ಹೇಳಿಕೊಡಬೇಕಿತ್ತು. ಹೇಳಿಕೊಟ್ಟೆ. ಕಾರು ಕರಿ ಹೊಗೆ ಉಗುಳುತ್ತ ಕೆಮ್ಮತೊಡಗಿತು. ಅಣ್ಣನಿಗೆ ನಗು. "ಹತ್ತಿ ಲಾರಿ ಇದಕ್ಕಿಂತ ಛಲೋ ಓಡತಾವಲ್ಲೋ!"

ಅಡುಗೆಮನೆಯ ಬಾಗಿಲಲ್ಲಿ ನಿಂತು ವೈನಿ ಕರೆದರು. "ಆ ಸೆನ್ಸರ್ ಬಿಚ್ಚಿ ಇಲ್ಲೆ ತರ್ರಿ. ಗಾಡಿ ಒಳಗ ಬರಂಗಿಲ್ಲ, ನಾ ಹೊರಗ ಬರಂಗಿಲ್ಲ."

ಅಪ್ಪನ ಬಿ.ಪಿ. ನೋಡುವ ಪಾದರಸದ ಯಂತ್ರ ಮನೆಯಲ್ಲಿತ್ತು. ವೈನಿ ಅದರ ತೋಳಪಟ್ಟಿ ಬಿಚ್ಚಿದರು. ಹನಿ ನೀರಾವರಿಯ ಮೂರು ಬಾಯಿಯ ಜೋಡಣೆಯೊಂದನ್ನು ತರಿಸಿ, ಒಂದು ಬಾಯಿಗೆ ಗಾಳಿ ಒತ್ತುವ ರಬ್ಬರ್ ಬುರುಡೆ, ಒಂದಕ್ಕೆ ಪಾದರಸದ ನಳಿಗೆ, ಇನ್ನೊಂದಕ್ಕೆ ಸೆನ್ಸರ್ ಸಿಕ್ಕಿಸಿದರು. ಕರೆಂಟು ಕೊಟ್ಟು ಮೀಟರ್ ಹಚ್ಚಿದರು. ಆದರೆ ಬುರುಡೆ ಒತ್ತಲಿಲ್ಲ, ಸುಮ್ಮನೆ ನೋಡುತ್ತ ಕೂತರು. ಮೀಟರು ಸೊನ್ನೆ ತೋರಿಸಲಿಲ್ಲ.

"ನೋಡ್ರಿ, ಕೆಟ್ಟೈತಿ," ಎಂದೆ.

"ಕೆಟ್ಟಿಲ್ರಿ. ಸುಮ್ನ ಕುಂತ್ರೂ ಊರಿನ ಗಾಳಿ ಭಾರ ಮ್ಯಾಲೆ ಇದ್ದ ಇರತೈತಿ. ಇದು ಅದನ್ನೂ ತೂಗತೈತಿ. ನೀವು ಅದನ್ನ ಸೊನ್ನಿ ಅಂತ ಹೇಳಿಕೊಟ್ಟೀರಿ."

ಹೊಗೆಗೆ ಅದೇ ಕಾರಣ: ಇಲ್ಲದ ಒತ್ತಡ ಇದೆಯೆಂದು ನಂಬಿ ಪೆಟ್ಟಿಗೆ ಡೀಸೆಲ್ ಹೆಚ್ಚಾಗಿ ಸುರಿಯುತ್ತಿತ್ತು. ಆಮೇಲೆ ಬುರುಡೆ ಒತ್ತುತ್ತ, ಪಾದರಸ ಏರಿದಂತೆ ವೋಲ್ಟ್ ಓದುತ್ತ ಹೋದರು; ಪೆಟ್ಟಿಗೆಗೆ ಹೊಸದಾಗಿ ಹೇಳಿಕೊಡಲು ನಾನು ಬರೆದುಕೊಂಡೆ. ಪರಾತದಲ್ಲಿ ರೊಟ್ಟಿಯ ಹಿಟ್ಟು ಒಣಗುತ್ತಿತ್ತು. ಅದರ ಪರಿವೆಯೇ ಇರಲಿಲ್ಲ. ಅಷ್ಟು ಖುಷಿಯಾಗಿ ಅವರನ್ನು ನಾನು ಕಂಡಿರಲಿಲ್ಲ.

"ಇದು ಅಡಗಿಮನಿ ಲೆಕ್ಕ. ಏರು ಹತ್ತುವಾಗೂ ಖರೇ ಹೇಳತೈತೇನು ನೋಡಬೇಕ್ರಿ," ಎಂದವರು ದನಿ ಇಳಿಸಿದರು. "ನಾನೂ ಬರಲೇನ್ರಿ?"

ಅವ್ವ ಉರಿದುಬಿದ್ದಳು. "ಈ ಮನಿ ಸೊಸಿ ಗಾಡಿ ರಿಪೇರಿಗೆ ಹೊಂಟಾಳೇನು? ಮಂದಿ ಬಾಯಾಗ ಬೀಳೂದೊಂದು ಬಾಕಿ ಉಳದಿತ್ತು ನೋಡು!" ಅಣ್ಣ ಪೇಪರಿನಿಂದ ಮುಖ ಎತ್ತಲಿಲ್ಲ. ನಾನು ಜಗಳಾಡಿದೆ, ಊಟ ಬಿಟ್ಟೆ. ಕಡೆಗೆ ಅಪ್ಪ, "ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಿಬರ್ರಿ. ಅದೂ ಏರ ಐತಲ್ಲ? ನೀನೂ ಹೋಗು," ಎಂದು ಅವ್ವನ ಬಾಯಿ ಮುಚ್ಚಿಸಿದರು.

ಅವತ್ತೊಂದು ದಿನ ಅಪ್ಪ ಪಡಸಾಲೆ ಖಾಲಿ ಮಾಡಿಸಿದರು. ಕಾರಿನಲ್ಲಿ ಅವ್ವ ಮುಂದೆ, ವೈನಿ ಹಿಂದೆ, ಸೆನ್ಸರಿನಿಂದ ತಂತಿ ಎಳೆದು ಹಚ್ಚಿದ ಮೀಟರು ಅವರ ಸೆರಗಿನೊಳಗೆ. ಗುಡ್ಡದ ಏರಿನಲ್ಲಿ ಅವರು ಸಣ್ಣ ದನಿಯಲ್ಲಿ ಅಂಕಿ ಓದುತ್ತಿದ್ದರು. ಅವ್ವ ಎಲ್ಲಮ್ಮನ ಸ್ತೋತ್ರವೆಂದು ತಿಳಿದು ತಾನೂ ಕೈ ಮುಗಿದಳು. ಕಾರು ಹೊಗೆಯಿಲ್ಲದೆ ಸರಾಗ ಏರಿತು. ವೈನಿ ಗಟ್ಟಿಯಾಗಿ ನಕ್ಕುಬಿಟ್ಟರು. ನಮ್ಮ ಮನೆಗೆ ಬಂದಾಗಿನಿಂದ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಇಳಿಯುವಾಗ ದೂರದಲ್ಲಿ ಮಲಪ್ರಭೆಯ ಹಿನ್ನೀರು ತುಂಬಿ ನಿಂತಿತ್ತು. "ವೈನಿ, ಹೊರಗ ನೋಡ್ರಿ!" ಎಂದೆ.

"ತಡೀರಿ, ಇಳಿಜಾರಿನಾಗ ಏನ ತೋರಸತೈತಿ ನೋಡತೇನಿ," ಎಂದರು. ಕೊನೆತನಕ ಹೊರಗೆ ನೋಡಲೇ ಇಲ್ಲ.

ಮನೆಗೆ ಬಂದು ಅಡುಗೆಮನೆ ಸೇರಿದ ಮೇಲೆ ಮೆಲ್ಲಗೆ ಕೇಳಿದರು: "ಇದು ಮತ್ತ ಯಾವಾಗ ಕೆಡತೈತ್ರಿ?"

"ಕೆಡಂಗಿಲ್ಲ ವೈನಿ. ಅಷ್ಟು ಚೊಕ್ಕ ಮಾಡೀರಿ."

"ಹೌದಲ್ಲ," ಎಂದು ಹಿಟ್ಟು ನಾದತೊಡಗಿದರು.

"ಒಂದು ವಾಯರ್ ಸಡ್ಲ ಮಾಡಲೇನ್ರಿ?" ಎಂದೆ.

ತಟ್ಟನೆ ತಿರುಗಿದರು. "ಬ್ಯಾಡ್ರಿ. ನನ್ನ ಕೈಲೆ ಆದ ಕೆಲಸ ಅದೊಂದ ಐತಿ. ಕೆಡಸಬ್ಯಾಡ್ರಿ."

ಆಮೇಲೆ ಅವರು ಆ ಕಾರು ಹತ್ತಲಿಲ್ಲ. ಕೆಲವು ವರ್ಷಗಳ ಮೇಲೆ ಜ್ವರ ಬಂದು, ಅದೇ ಮನೆಯ ಒಳಕೋಣೆಯಲ್ಲಿ ತೀರಿಕೊಂಡರು. ಕಾರನ್ನು ನಾನು ಇನ್ನೂ ಮಾರಿಲ್ಲ. ಗುಡ್ಡಕ್ಕೆ ಹೋದಾಗಲೆಲ್ಲ ಏರಿನಲ್ಲಿ ಕನ್ನಡಿ ನೋಡುತ್ತೇನೆ, ಹಿಂದೆ ಹೊಗೆ ಕಂಡೀತೇ ಎಂದು. ವೈನಿ ಇದ್ದಾಗಲೂ ಹಾಗೇ ನೋಡುತ್ತಿದ್ದೆ. ಹಾಳಾದ್ದು, ಒಂದು ದಿನವೂ ಕೆಡಲಿಲ್ಲ.